ಧಾರವಾಡಕ್ಕೆ ಹೊರಟರೆ ಬಲಕ್ಕೆ

ಮೊದಲ ಮಳೆ ಬಿದ್ದಾಗ ಬಿಸಿ ಡಾಂಬರಿನಿಂದ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ; ಡಾಂಬರಿನದನ್ನು ಹೊಗಳಿದವರನ್ನು ನಾನು ಕಂಡಿಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಸಾಕು, ಎಲ್ಲಿದ್ದರೂ ನೆಟ್ಟಗೆ ಕೂರುತ್ತೇನೆ. ಮೊನ್ನೆಯೂ ಹಾಗೇ ಆಯಿತು. ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಧಾರವಾಡ ದಾಟಿ ಹುಬ್ಬಳ್ಳಿಯ ಕಡೆ ಹೊರಟ ಬಸ್ಸು ನಡುದಾರಿಯ ಒಂದು ಸಿಗ್ನಲ್ಲಿಗೆ ನಿಂತಿತು. ಹನಿ ಬಿದ್ದವು, ವಾಸನೆ ಒಳಗೆ ಬಂತು, ನನ್ನ ಕತ್ತು ತಾನಾಗಿ ಬಲಗಡೆಯ ಕಿಟಕಿಯಾಚೆ ಚಾಚಿತು. ಪಕ್ಕದಲ್ಲಿ ತೂಕಡಿಸುತ್ತಿದ್ದ ಗೆಳತಿ ಕಣ್ಣು ಬಿಟ್ಟು, "ಏನ್ ಹುಡುಕಾಕತ್ತೀಯವಾ?" ಎಂದಳು. ಒಂದು ಬೇವಿನ ಮರದ ತುದಿ, ಎಂದೆ. ಅವಳು ಮತ್ತೆ ಕಣ್ಣು ಮುಚ್ಚಿದಳು.

ಆ ಮರ ನನಗೆ ಸಿಕ್ಕಿದ್ದು ಈ ರಸ್ತೆಯನ್ನು ಅಗಲ ಮಾಡುತ್ತಿದ್ದ ವರ್ಷ. ಹುಬ್ಬಳ್ಳಿ-ಧಾರವಾಡದವರಿಗೆ ಆ ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಧೂಳು ಕುಡಿದು ಕೆಲಸಕ್ಕೆ ಹೋದೆವು, ಧೂಳು ಕುಡಿದು ಮನೆಗೆ ಬಂದೆವು. ಬೆಳಿಗ್ಗೆ ಇದ್ದ ದಾರಿ ಸಂಜೆಗೆ ಇರುತ್ತಿರಲಿಲ್ಲ. ಹೆಣ್ಣುಮಕ್ಕಳೆಲ್ಲ ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುತ್ತಿದ್ದುದರಿಂದ, ನಮ್ಮ ಓಣಿಯ ಹುಡುಗಿಯರನ್ನೇ ನಾವು ಗುರುತು ಹಿಡಿಯದಂತಾಗಿತ್ತು.

ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ನಾವು ಮೂವರು. ನಾನು, ನನ್ನ ಗಂಡ ಮಹಾಂತೇಶ, ಅವರ ತಾಯಿ ನೀಲವ್ವ. ನೀಲವ್ವ ನನಗೆ ಗಂಡನ ತಾಯಿಯಾಗುವ ಮೊದಲೇ ಅಪ್ಪನ ಒಡಹುಟ್ಟಿದ ಅಕ್ಕ. ಸೋದರತ್ತೆಯ ಮಗನಿಗೇ ನನ್ನನ್ನು ಕೊಟ್ಟರು. ಹುಟ್ಟಿದಾಗಿನಿಂದ 'ನೀ' ಎಂದು ಕರೆದವಳನ್ನು ಮದುವೆಯ ಮರುದಿನದಿಂದ 'ನೀವು' ಎನ್ನಬೇಕಾಯಿತು. ಎದುರಿಗೆ 'ನೀವು', ಮನಸ್ಸಿನಲ್ಲಿ ಇನ್ನೂ 'ನೀ'. ಸಿಟ್ಟು ಬಂದರೆ ಎದುರಿಗೂ 'ನೀ'. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದವಳು, ಯಂತ್ರದ ಸದ್ದಿನ ಮೇಲೆ ಮಾತಾಡಿ ರೂಢಿಯಾದವಳು. ಅವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಓಣಿಯ ತುದಿಗೆ ಕೇಳುತ್ತದೆ.

ಹೀಗಾಗಿ ನನಗೂ ನನ್ನ ಗಂಡನಿಗೂ ಅಜ್ಜ ಒಬ್ಬನೇ. ಹಳ್ಳಿಗಳಿಂದ ಹುಬ್ಬಳ್ಳಿ ಪೇಟೆಗೆ ಚಕ್ಕಡಿಯಲ್ಲಿ ಹತ್ತಿ ಸಾಗಿಸುತ್ತಿದ್ದವನು. ಧಾರವಾಡದ ದಾರಿಯಲ್ಲಿ, ಹೆದ್ದಾರಿಗೆ ಅಂಟಿದಂತೆ, ಒಂದು ಚೂರು ಹೊಲವಿತ್ತು. ಅತ್ತೆ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ, ನನ್ನ ಅಪ್ಪ ಕಂಕುಳ ಕೂಸಾಗಿದ್ದಾಗ, ಅಜ್ಜ ಜ್ವರ ಬಂದು ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿ, ಸ್ವಂತ ಹೊಲವಿದ್ದರೆ ಆ ಹೊಲದಲ್ಲೇ ಮಣ್ಣು ಕೊಡುತ್ತಾರೆ. ಮೇಲೊಂದು ಕಟ್ಟೆ ಕಟ್ಟುತ್ತಾರೆ. ಅದಕ್ಕೆ ನಮ್ಮ ಮನೆಯಲ್ಲಿ ಗದ್ದಿಗೆ ಅನ್ನುತ್ತೇವೆ.

ಚಿಕ್ಕವಳೆಂದು ಅತ್ತೆಯನ್ನು ಮಣ್ಣಿಗೆ ಕರೆದೊಯ್ದಿರಲಿಲ್ಲ. ಆ ಕೊರಗು ಅವಳನ್ನು ಬಿಟ್ಟಿರಲಿಲ್ಲ. ಕೆಲವು ದಿನ ಬಿಟ್ಟು ಕಟ್ಟೆಗೆ ಗಚ್ಚು ಬಳಿದಾಗ ಅವ್ವನ ಜೊತೆ ಹೋಗಿದ್ದಳು. ಆಗ ಹುಡುಗಿಯರು ಒಡೆದ ಬಳೆಯ ಚೂರುಗಳನ್ನು ಆಟಕ್ಕೆಂದು ಕೂಡಿಡುತ್ತಿದ್ದರು. ಅತ್ತೆ ತನ್ನ ಚೀಲದಲ್ಲಿದ್ದ ಚೂರುಗಳನ್ನೆಲ್ಲ ಹಸಿ ಗಚ್ಚಿನಲ್ಲಿ ಒತ್ತಿ ಚಕ್ಕಡಿಯ ಗಾಲಿ ಮಾಡಿದಳಂತೆ, ಅಪ್ಪ ಹೋದಲ್ಲಿ ಚಕ್ಕಡಿ ಬೇಕಾಗುತ್ತದಲ್ಲ ಎಂದು. ಕೆಂಪು ಚೂರು ಸಾಲದೆ ಒಂದು ಕಡೆ ಹಸಿರು ಹಚ್ಚಿದಳಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಅವಳು "ಕೆಂಪು" ಅಂದ ಕೂಡಲೇ ನಾನು "ಸಾಲಲಿಲ್ಲ" ಅನ್ನುತ್ತಿದ್ದೆ.

ಅಜ್ಜಿ ಹೊಲ ಮಾರಿ, ಮಕ್ಕಳನ್ನು ಕಟ್ಟಿಕೊಂಡು ಗದಗಿನ ಕಡೆಯ ತವರಿಗೆ ಹೋದಳು. ಅಲ್ಲೇ ತೀರಿಕೊಂಡಳು. ಸಾಯುವ ಮುಂಚೆ ಮಕ್ಕಳಿಗೆ ಗದ್ದಿಗೆಯ ಗುರುತು ಹೇಳಿದ್ದಳು: "ಹಳ್ಳದ ಪೂಲು ದಾಟಿದ ಕೂಡ್ಲೆ ಬೇವಿನ ಗಿಡ. ಧಾರವಾಡಕ್ಕ ಹೊಂಟ್ರ ಬಲಕ್ಕ." ಪೂಲು ಅಂದರೆ ಸಣ್ಣ ಸೇತುವೆ. ಮುಂದೆ ಅತ್ತೆ ಮದುವೆಯಾಗಿ ಹುಬ್ಬಳ್ಳಿಗೆ ಬಂದಳು, ಅಪ್ಪನೂ ಕೆಲಸ ಹಿಡಿದು ಬಂದ. ಇಬ್ಬರೂ ಅವ್ವನ ಮಾತನ್ನು ಬಾಯಿಪಾಠ ಹೇಳಿಕೊಂಡು ಹುಡುಕಿದರು. ಹಳ್ಳದ ಪೂಲು ಸಿಕ್ಕಿತು. ದಾಟಿದ ಕೂಡಲೇ ಬಲಕ್ಕೆ ಬೇವಿನ ಮರ, ಬುಡದಲ್ಲಿ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಗಚ್ಚೆಲ್ಲ ಉದುರಿಹೋಗಿತ್ತು, ಬಳೆಚೂರು ಕಾಣಲಿಲ್ಲ. ಮಳೆಗಾಳಿಗೆ ಉಳಿದೀತೇ, ಅಂದುಕೊಂಡರು. ಅಪ್ಪ ಅದಕ್ಕೆ ಸಿಮೆಂಟು ಮೆತ್ತಿ ಸಮ ಮಾಡಿ ಸುಣ್ಣ ಬಳಿದ. ಅಂದಿನಿಂದ ಪ್ರತಿ ಎಳ್ಳಮವಾಸ್ಯೆಗೆ ನಮ್ಮ ಮನೆಯ ಎಡೆ ಅಲ್ಲಿಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಲಾರಿಗಳು ಮೈಮೇಲೆ ಬರುವಂತೆ ಹಾದು ಹೋಗುತ್ತಿದ್ದರೆ ನಾವು ಆ ಕಟ್ಟೆಯ ಮುಂದೆ ಕೈ ಮುಗಿದು ನಿಂತಿರುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೂ ಅದು ತಪ್ಪಲಿಲ್ಲ.

ಆ ವರ್ಷ ಎಳ್ಳಮವಾಸ್ಯೆಗೆ ಹೋದಾಗ ಕಟ್ಟೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿದ್ದರು. ಬದಿಯ ರಸ್ತೆ ಅಲ್ಲೇ ಬರುತ್ತದೆ, ಮಳೆಗಾಲದೊಳಗೆ ಕಟ್ಟೆ ತೆಗೆಯುತ್ತೇವೆ, ನಿಮ್ಮ ಹಿರಿಯರಾದರೆ ನೀವೇ ಮೊದಲು ಕರೆದುಕೊಂಡು ಹೋಗಿ ಎಂದು ಕೆಲಸದ ಮೇಸ್ತ್ರಿ ಮರ್ಯಾದೆಯಿಂದಲೇ ಹೇಳಿದ. ಅತ್ತೆ ವಾದ ಮಾಡಲಿಲ್ಲ. ಊರ ರುದ್ರಭೂಮಿಯಲ್ಲಿ ತನ್ನ ಗಂಡನ ಪಕ್ಕ ತನಗೆಂದು ಇಟ್ಟುಕೊಂಡ ಜಾಗವಿತ್ತು. ಅಲ್ಲಿ ತನ್ನ ಅಪ್ಪನನ್ನು ಇಡುವುದು, ತಾನು ಆಚೆ ಬದಿಗೆ ಹೋಗುವುದು ಎಂದು ಬಸ್ಸಿನ ಸೀಟು ಹಂಚಿದಂತೆ ಹಂಚಿದಳು.

ಶಿವರಾತ್ರಿ ಕಳೆದ ಮೇಲೆ ಗುರುಸಿದ್ದಯ್ಯನವರನ್ನು ಕರೆದುಕೊಂಡು ಹೋದೆವು. ನಮ್ಮ ಮನೆಯ ಹುಟ್ಟು-ಸಾವಿಗೆಲ್ಲ ಬರುವ ಅಯ್ಯನವರು ಅವರೇ. ಅಗೆಯಲು ಇಬ್ಬರು ಆಳುಗಳು. ಅತ್ತೆ ಅಡುಗೆಮನೆಯಿಂದ ಸಾಣಿಗೆ ತಂದಿದ್ದಳು, ಹಿಟ್ಟು ಸೋಸುವುದು. "ಸಿಮೆಂಟ್ ಸಾವಕಾಶ ಒಡೀರೆಪಾ. ಅದರ ಬುಡಕ ನನ್ನ ಬಳಿಚೂರು ಅದಾವ" ಎಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಒಡೆದ ಸಿಮೆಂಟನ್ನೆಲ್ಲ ಸೋಸಿದಳು. ಚೂರು ಬರಲಿಲ್ಲ. ಸಿಮೆಂಟಿನ ಕೆಳಗಿನ ಚಪ್ಪಡಿಯಲ್ಲಿ ದುಂಡನೆಯ ತಗ್ಗುಗಳಿದ್ದವು. ಅಪ್ಪ ಅವನ್ನು ತುಂಬಿ ಸಮ ಮಾಡಿದ್ದ. ಅವೇನೆಂದು ಆಗ ಯಾರೂ ಯೋಚಿಸಲಿಲ್ಲ.

ಒಂದು ಬದಿಯಿಂದ ಕೆಳಗೆ ಅಗೆದರು. ಗುದ್ದಲಿ ಕಿಡಿ ಹಾರಿಸಿತು. ಕೆಂಪು ಮುರುಮು ಮಣ್ಣು, ಅದರ ಕೆಳಗೆ ಮುಷ್ಟಿಗಾತ್ರದ ಕಲ್ಲುಗಳು, ಒಂದಕ್ಕೊಂದು ಹೊಂದಿಸಿ ಬಡಿದು ಕೂರಿಸಿದವು. ಅಗೆಯುತ್ತಿದ್ದವನು ಬೆವರು ಒರೆಸಿಕೊಂಡು ಹೇಳಿದ:

"ಅಮ್ಮಾರ, ಇದು ರೋಡ್ ಐತ್ರಿ."

"ರೋಡ್ ಅಲ್ಲೈತೆಪಾ" ಎಂದು ಅತ್ತೆ ಲಾರಿಗಳ ಕಡೆ ಕೈ ಮಾಡಿದಳು.

"ಅದ ಈಗಿನದರಿ. ಇದ ಹಿಂದಿನ ಕಾಲದ್ದು. ಇದರ ಬುಡಕ ಮನಶಾನ್ನ ಇಟ್ಟಿಲ್ಲರಿ."

ವಿಭೂತಿಯ ಉಂಡೆ ಇಲ್ಲ, ಲಿಂಗವಿಲ್ಲ, ಎಲುಬಿನ ಚೂರಿಲ್ಲ. ಅಯ್ಯನವರು ಗುಂಡಿಯೊಳಗೆ ಬಗ್ಗಿ ನೋಡಿ, "ಹೋಗ್ಲಿ ತಾಯಿ, ಒಂದು ಹಿಡಿ ಮಣ್ಣು ತಗೊಳ್ಳೋಣು. ಭಾವ ಶುದ್ಧ ಇದ್ರ ಎಲ್ಲಾ ಮಣ್ಣು ಒಂದ" ಎಂದರು. ಮಹಾಂತೇಶರೂ ಹೂಂಗುಟ್ಟಿದರು. ನಿಜ ಹೇಳಬೇಕೆಂದರೆ ನಾನೂ ಹೂಂಗುಟ್ಟಿದೆ. ಬಿಸಿಲು ನೆತ್ತಿಗೇರಿತ್ತು, ಮರುದಿನ ಬೆಳಗಿನ ಶಿಫ್ಟಿತ್ತು.

"ಭಾವ ನನ್ನ ಹಂತೇಕ ಭಾಳ ಐತ್ರಿ ಅಯ್ಯಾರ" ಎಂದಳು ಅತ್ತೆ. "ನನಗ ಬೇಕಾದದ್ದು ನಮ್ಮಪ್ಪ."

ಸಾಣಿಗೆಯನ್ನು ಝಾಡಿಸಿ ಎದ್ದಳು. ಮನೆಗೆ ಬಂದವಳೇ ಗೋಡೆಯ ಮೇಲಿದ್ದ ನನ್ನ ಅಪ್ಪನ ಫೋಟೋದ ಮುಂದೆ ನಿಂತು ಶುರು ಮಾಡಿದಳು. "ಸಿಮೆಂಟ್ ಮೆತ್ತಿದ್ಯಲ್ಲೋ ಶಾಣ್ಯಾ, ನೋಡಿ ಮೆತ್ತಬೇಕಿಲ್ಲೇನು? ಇಷ್ಟ ವರ್ಷ ನಾ ಯಾರಿಗೆ ಎಡಿ ಹಿಡದೆ? ರೋಡಿಗೆ ಹೋಳಿಗಿ ತಿನಿಸಿದೆ!" ಸತ್ತವನನ್ನು ಹೀಗೆ ಬೈಯುವುದನ್ನು ನನಗೆ ಕೇಳಲಾಗಲಿಲ್ಲ.

"ನೀನೂ ಜೋಡಿಗೆ ಇದ್ಯಲ್ಲ ಅತ್ತಿ. ನಮ್ಮಪ್ಪಗೇನು ಕನಸು ಬಿದ್ದಿತ್ತೇನು? ಅಜ್ಜ ಸತ್ತಾಗ ಅವಂಗ ನಡಿಯಾಕೂ ಬರತಿದ್ದಿಲ್ಲ!"

'ನೀ'ಗೆ ಇಳಿದಿದ್ದೆ. ಆಕೆ ನನ್ನನ್ನು ನೋಡಿ, ಒಳಗೆ ಹೋಗಿ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು. ಆ ಯುಗಾದಿಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿಯಲಿಲ್ಲ. ಹೋಳಿಗೆ ಮಾಡಿದಳು, ಆದರೆ ತಾಟು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತು, "ಯಾವ ದಿಕ್ಕಿಗೆ ಹಿಡೀಲಿ?" ಎಂದು ಕೇಳಿ, ತಿರುಗಿ ತಂದಿಟ್ಟಳು. ಅಷ್ಟು ಗಟ್ಟಿ ಗಂಟಲಿನವಳು ಮೆಲ್ಲಗೆ ಮಾತಾಡಲು ಶುರು ಮಾಡಿದ್ದು ನನಗೆ ಹೆದರಿಕೆ ತಂದಿತು.

ಇನ್ನು ನನ್ನ ಕೆಲಸದ ಬಗ್ಗೆ ಒಂದು ಮಾತು. ನಮ್ಮ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗ ಮಾಡುತ್ತಾರೆ. ನಾನು ತಪಾಸಣೆ ವಿಭಾಗದಲ್ಲಿದ್ದೇನೆ. ದಿನವಿಡೀ ನಾನು ಮಾಡುವುದು ಒಂದೇ: ಎಲ್ಲಿ ಓರೆಯಿದೆ ಎಂದು ನೋಡುವುದು. ಹತ್ತಾರು ವರ್ಷ ಅದನ್ನೇ ಮಾಡಿದರೆ ಕಣ್ಣು ಕೆಟ್ಟುಹೋಗುತ್ತದೆ. ಮದುವೆಮನೆಗೆ ಹೋದರೂ ಮೊದಲು ಕಾಣುವುದು ಓರೆಯಾಗಿ ಕಟ್ಟಿದ ತೋರಣ. ನಾವು ತೋಡಿದ ಗುಂಡಿ ಇನ್ನೂ ಹಾಗೇ ಇತ್ತು. ಒಂದು ದಿನ ಬಸ್ಸು ಅದರ ಪಕ್ಕ ನಿಂತಾಗ ನೋಡಿದೆ. ಕೆಳಗಿನ ಕಲ್ಲುಹಾಸಿನ ಅಂಚು ಈಗಿನ ರಸ್ತೆಗೆ ನೇರವಾಗಿರಲಿಲ್ಲ. ಓರೆಯಾಗಿ, ನಮ್ಮ ಬಸ್ಸಿನ ಕೆಳಗೇ ನುಸುಳಿ ಆಚೆ ಬದಿಗೆ ಹೋಗುವಂತಿತ್ತು.

ಆ ಸಂಜೆ ಮಹಾಂತೇಶರಿಗೆ ಹೇಳಿದೆ. ಹಳೆಯ ರಸ್ತೆ ಈಗಿನ ಹಾಗೆ ನೆಟ್ಟಗಿರಲಿಲ್ಲ. ಅತ್ತೆ ಮತ್ತು ಅಪ್ಪ ಗದಗಿನ ಕಡೆ ಇದ್ದಾಗ, ಯಾರೋ ಅದನ್ನು ನೆಟ್ಟಗೆ ಮಾಡಿದ್ದಾರೆ. ರಸ್ತೆ ಸರಿದಿದ್ದರೆ ಅಜ್ಜಿಯ ಬಲ ಈಗಿನ ಬಲ ಹೇಗಾದೀತು? ಅವರು ಗಡ್ಡ ಕೆರೆದುಕೊಂಡು, "ಅಷ್ಟ ದೊಡ್ಡ ರಸ್ತಿ ಖರೇನ ಇದ್ದಿದ್ರ ಎಲ್ಲೆರೆ ತೋರಿಸಲೇಬೇಕು. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಎಂದರು. ಭಾನುವಾರ ಸ್ಕೂಟರ್ ತೆಗೆದೆವು.

ಹುಡುಕಲು ಶುರು ಮಾಡಿದ ಮೇಲೆ ಹಳೆಯ ರಸ್ತೆ ಒಂದೊಂದೇ ತುಂಡಾಗಿ ಕಂಡಿತು. ಮೊದಲು ಕಂಡಿದ್ದು ಹುಣಸೆಮರಗಳು. ಹೆದ್ದಾರಿಯಿಂದ ದೂರ, ಹೊಸ ಬಡಾವಣೆಯ ಮನೆಗಳ ನಡುವೆ, ಯಾರ ಅಂಗಳಕ್ಕೂ ಸೇರದೆ ಒಂದೇ ಸಾಲಿನಲ್ಲಿ ನಿಂತಿದ್ದವು. ಸಾಲುಮರ ರಸ್ತೆಯಿಲ್ಲದೆ ಹುಟ್ಟುವುದಿಲ್ಲ. ಅವುಗಳ ಬುಡದಲ್ಲಿ ಕಾಲಿನಿಂದ ಧೂಳು ಸರಿಸಿದರೆ ಬಿರುಕು ಬಿಟ್ಟ ಡಾಂಬರು, ಈಗಿನ ಎರಡು ಕಾರು ಎದುರುಬದುರಾದರೆ ಒಂದು ಕೆಳಗಿಳಿಯಬೇಕಾದಷ್ಟು ಸಣ್ಣ ಪಟ್ಟಿ. ಅದರ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಇಷ್ಟಗಲದ ದಾರಿಯಲ್ಲಿ ಹತ್ತಿಯ ಚಕ್ಕಡಿ, ಮೋಟಾರು, ದಂಡು, ಭಜನೆಯ ದಿಂಡಿ ಎಲ್ಲವೂ ಹೋಗುತ್ತಿದ್ದವಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಮುಂದಿನ ಭಾನುವಾರ ಮೈಲಿಗಲ್ಲು ಸಿಕ್ಕಿತು. ಒಂದು ಮನೆಯ ಹಿತ್ತಲಲ್ಲಿ ಹೆಂಗಸೊಬ್ಬಳು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಗುಂಡು ತಲೆ, ಅಡ್ಡ ಮಲಗಿಸಿದ್ದರು. ಬದಿಯಲ್ಲಿ ಇಂಗ್ಲಿಷ್ ಅಕ್ಷರಗಳು ಅರ್ಧ ಸವೆದಿದ್ದವು. ನಾವಿಬ್ಬರೂ ಬಗ್ಗಿ ಬಗ್ಗಿ ಓದುವುದನ್ನು ಕಂಡು ಅವಳು ಒದ್ದೆ ಬಟ್ಟೆ ಹಿಡಿದುಕೊಂಡೇ ಗಾಬರಿಯಾದಳು.

"ಯಾಕ್ರೀ ಅಕ್ಕಾರ, ಏನರೆ ದೇವರ ಕಲ್ಲೇನ್ರಿ ಇದು? ದೇವ್ರಿದ್ರ ಹೇಳಿಬಿಡ್ರಿ, ಒಗಿಯೂದು ಬಿಡ್ತೇನಿ."

"ದೇವ್ರಲ್ಲಬೇ, ಧಾರವಾಡ" ಎಂದರು ಮಹಾಂತೇಶ.

"ಧಾರವಾಡ ಆದ್ರ ಒಗೀತೇನಿ ತಗೋರಿ" ಎಂದು ಮತ್ತೆ ಶುರು ಮಾಡಿದಳು.

ಇಷ್ಟು ತುಂಡುಗಳನ್ನು ಜೋಡಿಸಿದಾಗ ರಸ್ತೆಯ ಓಟ ತಿಳಿಯಿತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಹಳೆಯ ರಸ್ತೆ, ಈಗಿನದಕ್ಕಿಂತ ಮೊದಲು ಬಲಕ್ಕೆ ಬಾಗುತ್ತಿತ್ತು, ಆಮೇಲೆ ಹಳ್ಳದ ಜೌಗು ತಪ್ಪಿಸಲು ದೊಡ್ಡದಾಗಿ ಎಡಕ್ಕೆ ಬಾಗುತ್ತಿತ್ತು. ಹೊಸ ರಸ್ತೆ ಎರಡೂ ಬಾಗುಗಳನ್ನು ಬಿಟ್ಟು ನಡುವೆ ನೆಟ್ಟಗೆ ಹೋಯಿತು. ಹಳ್ಳಕ್ಕೆ ಹೊಸ ಪೂಲು ಕಟ್ಟಿದರು. ಅಪ್ಪ ಮತ್ತು ಅತ್ತೆ ದಾಟಿದ್ದು ಆ ಹೊಸ ಪೂಲು. ನಾವು ಎಡೆ ಹಿಡಿದ ಕಟ್ಟೆ ಬಲಗಡೆಯ ಬಾಗಿನ ಅಂಚಿನಲ್ಲಿ ಉಳಿದುಹೋಗಿದ್ದು. ಅಜ್ಜಿ ಹೇಳಿದ ಹಳೆಯ ಪೂಲು ಎಡಗಡೆಯ ಬಾಗಿನಲ್ಲಿ ಎಲ್ಲೋ ಇರಬೇಕು. ಅಂದರೆ ಅವಳು ಹೇಳಿದ ಬಲ ಈಗಿನ ಹೆದ್ದಾರಿಗೆ ಎಡ. ಅವ್ವನ ಮಾತನ್ನು ಅಕ್ಷರ ಬಿಡದೆ ಪಾಲಿಸಿದ್ದಕ್ಕೇ ಅವರಿಬ್ಬರೂ ದಾರಿ ತಪ್ಪಿದ್ದರು.

ಹಳೆಯ ಪೂಲು ಸಿಕ್ಕಾಗ ಬೇಸಿಗೆ ಮುಗಿಯುತ್ತ ಬಂದಿತ್ತು. ಹೆದ್ದಾರಿಯಲ್ಲಿ ಯಂತ್ರಗಳು ಕಟ್ಟೆಯ ಹತ್ತಿರ ಹತ್ತಿರ ಬರುತ್ತಿದ್ದವು. ಪೂಲು ಅಂದರೆ ಕೆತ್ತಿದ ಕಲ್ಲಿನ ಸಣ್ಣ ಕಮಾನು. ಕೆಳಗೆ ಹಳ್ಳವೇ ಇಲ್ಲ, ನೀರನ್ನು ಎಂದೋ ಬೇರೆ ಕಡೆ ತಿರುಗಿಸಿದ್ದರು. ನೆರಳಿಗೆಂದು ಆಡುಗಳು ಮಲಗಿದ್ದವು. ಅತ್ತೆಗೆ ಹೇಳಿದೆ. ಎರಡು ತಿಂಗಳಿನಿಂದ ಮಾತು ಕಡಿಮೆ ಮಾಡಿದವಳು ಎದ್ದು ಸೀರೆ ಬದಲಿಸಿದಳು. "ಪೂಲು ಸಿಕ್ತಂದ್ರ ನಾನೂ ಬರ್ತೇನಿ. ರಿಕ್ಷಾ ಕರೀರಿ."

ಪೂಲಿನ ಮೇಲೆ ಅವಳನ್ನು ಹತ್ತಿಸಿದೆವು. ಸೆರಗನ್ನು ತಲೆಯ ಮೇಲೆ ಹೊದ್ದು, "ಧಾರವಾಡ ಯಾವ ಕಡೆ?" ಎಂದು ಕೇಳಿದಳು. ತೋರಿಸಿದೆ. ಆ ಕಡೆ ಮುಖ ಮಾಡಿ ನಿಂತು ಬಲಗೈಯನ್ನು ಉದ್ದಕ್ಕೆ ಚಾಚಿದಳು. ನಾವಿಬ್ಬರೂ ಆ ಕೈ ಹೋದ ಕಡೆ ನೋಡಿದೆವು. ಸ್ವಲ್ಪ ಮುಂದೆ, ಒಂದು ಕಾಂಪೌಂಡ್ ಗೋಡೆಯ ಆಚೆ, ಮಂಗಳೂರು ಹಂಚಿನ ಮನೆಯ ಹಿತ್ತಲಲ್ಲಿ ದೊಡ್ಡ ಬೇವಿನ ಮರ. ಬಡಾವಣೆಯ ಓಣಿಗಳೆಲ್ಲ ನೆಟ್ಟಗಿದ್ದರೂ ಆ ಮನೆಯ ಮುಂದಿನದು ಮಾತ್ರ ಬಾಗಿತ್ತು.

ಗೇಟಿನ ಮುಂದೆ ನಿಂತಾಗ ನನಗೆ ನಾಚಿಕೆಯಾಯಿತು. ಗುರುತಿಲ್ಲದವರ ಮನೆಗೆ ಹೋಗಿ, ನಿಮ್ಮ ಹಿತ್ತಲಲ್ಲಿ ನಮ್ಮ ಅಜ್ಜ ಇದ್ದಾನೆಯೇ ಎಂದು ಹೇಗೆ ಕೇಳುವುದು? ಬಾಗಿಲು ತೆರೆದವರು ಬಿಳಿಕೂದಲಿನ, ಕನ್ನಡಕ ಹಾಕಿದ ಹೆಂಗಸು. ಮಿಶನ್ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಪ್ರೇಮಲತಾ ಬಾಯಾರು; ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಅನ್ನುತ್ತೇವೆ. ಗೋಡೆಯ ಮೇಲೆ ಶಿಲುಬೆ, ಪಕ್ಕದಲ್ಲಿ ತೀರಿಕೊಂಡ ಗಂಡನ ಫೋಟೋ. ನಾನು ತೊದಲುತ್ತ ರಸ್ತೆ, ಪೂಲು, ಬಲ, ಎಡ ಎಂದು ಹೇಳುತ್ತಿದ್ದಂತೆ ಅವರು ಅರ್ಧಕ್ಕೇ ತಡೆದರು.

"ನೀವು ಅವ್ರ ಮನಿಯವ್ರೇನ್ರಿ? ಬರ್ರಿ, ಬರ್ರಿ. ಯಾರೂ ಬರಲೇ ಇಲ್ಲಲ್ಲಾ ಅಂತಿದ್ದೆ."

ಹಿತ್ತಲಿಗೆ ಕರೆದೊಯ್ದರು. ಬೇವಿನ ಬುಡದಲ್ಲಿ ತಗ್ಗಾದ ಕಟ್ಟೆ, ಸುತ್ತ ಗುಡಿಸಿ ಸ್ವಚ್ಛ ಮಾಡಿದ ನೆಲ. ಕಟ್ಟೆಯ ಮೇಲೆ ಒಣಗಿದ ಸೇವಂತಿಗೆ ಮಾಲೆ. ಅತ್ತೆ ಅದನ್ನು ನೋಡಿ ನಿಂತುಬಿಟ್ಟಳು. "ಹೂವು ಯಾರು ಏರಿಸ್ಯಾರ್ರೀ?"

"ನಾನ ರೀ. ಜಾಗಾ ತಗೊಂಡಾಗ ಇದು ಇತ್ತು. ಮನಿ ಕಟ್ಟೂ ಗೌಂಡಿ ಒಡದು ಹಾಕೂಣು ಅಂದ. ನಮ್ಮ ಯಜಮಾನ್ರು ಬ್ಯಾಡಂದ್ರು. ಯಾರೋ ಹಿರ್ಯಾರು ಮಲಗ್ಯಾರ, ಹಿಂದಿಂದ ಬಂದವ್ರು ನಾವು, ಅವ್ರನ್ಯಾಕ ಎಬ್ಬಿಸೂದು ಅಂತ. ಈಸ್ಟರ್ ದಿನ ನಸುಕಿನ್ಯಾಗ ನಾವು ನಮ್ಮವ್ರ ಸಮಾಧಿಗೆ ಹೂವು ಏರಸ್ತೇವ್ರಿ. ಮನ್ಯಾಗಿನ ಹಿರ್ಯಾರನ್ನ ಬಿಟ್ಟು ಹೊರಗಿನವ್ರಿಗಷ್ಟ ಏರಸೂದು ಛಲೋ ಅನಸಲಿಲ್ಲ. ಬರೂವಾಗ ಇವ್ರಿಗೂ ಒಂದು ಮಾಲಿ ತರ್ತೇನಿ."

ಅತ್ತೆ ಕೆಳಗೆ ಕೂತು ಸೆರಗಿನ ತುದಿಯಿಂದ ಕಟ್ಟೆಯ ಮುಖ ಒರೆಸಿದಳು. ಗಚ್ಚು ಅರ್ಧ ಉದುರಿತ್ತು. ಉಳಿದ ಅರ್ಧದಲ್ಲಿ ಬಳೆಚೂರುಗಳು ಒಂದೊಂದಾಗಿ ಮೇಲೆ ಬಂದವು. ಬಾಗಿದ ಸಾಲು, ನಡುವೆ ಕೀಲಿನ ಕಡೆ ಹೋಗುವ ಗೆರೆಗಳು. ಕೆಂಪು, ಕೆಂಪು, ಕೆಂಪು. ಆಮೇಲೆ ಹಸಿರು.

"ಕೆಂಪು..." ಎಂದಳು. ಬೆರಳನ್ನು ಹಸಿರು ಚೂರಿನ ಮೇಲೆ ಇಟ್ಟಳು.

"ಸಾಲಲಿಲ್ಲ" ಎಂದೆ. ನನಗೆ ಅಳು ತಡೆಯಲಾಗಲಿಲ್ಲ.

ಅವಳು ಕಟ್ಟೆಗೆ ಹಣೆ ಹಚ್ಚಿ, "ಯಪ್ಪಾ, ತಡಾ ಆತು" ಎಂದಳು. ಮಹಾಂತೇಶ ಬೇವಿನ ಮರದ ಆಚೆ ಹೋಗಿ ನಿಂತುಕೊಂಡರು. ಬಾಯಾರು ಸದ್ದಿಲ್ಲದೆ ಒಳಗೆ ಹೋಗಿ ಚಹಾಕ್ಕಿಟ್ಟರು.

ಚಹಾ ಕುಡಿಯುವಾಗ, ಈಗ ರುದ್ರಭೂಮಿಗೆ ಯಾವಾಗ ಸಾಗಿಸುವುದು ಎಂಬ ಮಾತು ಬಂತು. ಅಯ್ಯನವರಿಗೆ ಮತ್ತೆ ಹೇಳಿಕಳಿಸಬೇಕು, ಆಳು ನೋಡಬೇಕು ಎಂದರು ಮಹಾಂತೇಶ. ಅತ್ತೆ ಬಟ್ಟಲನ್ನು ಕೆಳಗಿಟ್ಟಳು. "ಯಾರೂ ಎಬ್ಬಿಸೂದು ಬ್ಯಾಡ. ಈ ಬಾಯಾರ ಯಜಮಾನ್ರು ಎಬ್ಬಿಸಲಿಲ್ಲ, ನಾ ಮಗಳಾಗಿ ಎಬ್ಬಿಸ್ಲೇನು? ಬಾಯಾರ, ವರ್ಷಕ್ಕೊಮ್ಮೆ ನಾ ಬಂದು ಎಡಿ ಹಿಡದ್ರ ನಿಮಗೇನರೆ..."

"ಬಾಗಲಾ ತೆಗದ ಇರ್ತೈತ್ರಿ" ಎಂದರು ಬಾಯಾರು. "ಹೋಳಿಗಿ ಮಾತ್ರ ನನಗೂ ಒಂದು ಇಡ್ರಿ."

ತಿರುಗಿ ಬರುವಾಗ ಅತ್ತೆ ಹೆದ್ದಾರಿಯ ಕಟ್ಟೆಯ ಹತ್ತಿರ ರಿಕ್ಷಾ ನಿಲ್ಲಿಸಿದಳು. ನಾವು ಸಿಮೆಂಟು ಒಡೆದು ಬಿಟ್ಟಿದ್ದ ಚಪ್ಪಡಿಯನ್ನು ಮುಟ್ಟಿ ನೋಡಿದಳು. ದುಂಡನೆಯ ತಗ್ಗುಗಳ ಮೇಲೆ ಕೈಯಾಡಿಸಿದಳು. ಆಗ ನೆನಪಾಯಿತು ಅವಳಿಗೆ. "ಇದು ಅರವಟಿಗಿ ಕಟ್ಟಿ! ಇವು ಗಡಿಗಿ ಕೂಡ್ರಸೂ ತಗ್ಗು. ಬ್ಯಾಸಗ್ಯಾಗ ಹಾದಿಗೆ ಹೋಗವ್ರಿಗೆ ಇಲ್ಲೆ ನೀರು ಇಡತಿದ್ರು. ನಮ್ಮಪ್ಪ ಚಕ್ಕಡಿ ನಿಲ್ಲಿಸಿ ನನ್ನ ಇಳಿಸಿ ನೀರು ಕುಡಸ್ತಿದ್ದ." ನನ್ನ ಕಡೆ ತಿರುಗಿ, "ನಿಮ್ಮಪ್ಪಗ ಪಾಪ ಹೆಂಗ ಗೊತ್ತಾಗಬೇಕು? ಕೂಸಿತ್ತು" ಎಂದಳು. ಮನೆಗೆ ಹೋದ ಮೇಲೆ ಅಪ್ಪನ ಫೋಟೋದ ಗಾಜು ಒರೆಸಿದಳು. ಕ್ಷಮೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ, ಅದೇ ಸಾಕಾಯಿತು.

ಕಟ್ಟೆ ತೆಗೆಯುವ ದಿನ ಬಂತು. ಮೇಸ್ತ್ರಿ ಹಿಂದಿನ ಸಂಜೆಯೇ ಹೇಳಿ ಕಳಿಸಿದ್ದ. ಅತ್ತೆ ಬೆಳಿಗ್ಗೆ ಎದ್ದು ಹೊಸ ಗಡಿಗೆಗೆ ನೀರು ತುಂಬಿ, ನಾಲ್ಕು ಲಾವಂಚದ ಬೇರು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಮಹಾಂತೇಶರ ಹೆಗಲಿಗೇರಿಸಿದಳು. ಹೋಳಿಗೆ ಇಲ್ಲ, ಊದಿನಕಡ್ಡಿ ಇಲ್ಲ. ಚಪ್ಪಡಿಯ ಒಂದು ತಗ್ಗಿನಲ್ಲಿ ಅಂಟಿದ್ದ ಸಿಮೆಂಟನ್ನು ಕೆರೆದು ತೆಗೆದು ಗಡಿಗೆ ಕೂರಿಸಿದರೆ, ಅದು ಅಲುಗಾಡದೆ ಕೂತಿತು. "ಇಷ್ಟ ದಿನ ಇದಕ್ಕ ಬೇಕಾಗಿದ್ದು ನೀರು. ನಾ ಹೋಳಿಗಿ ತಿನಿಸೇ ತಿನಿಸಿದೆ" ಎಂದು ಒಂದು ಲೋಟ ಹಿಡಿದು ಪಕ್ಕಕ್ಕೆ ನಿಂತಳು.

ಜಲ್ಲಿ ಹೊರುವ ಹೆಂಗಸರು ಬಂದರು, ಡಾಂಬರು ಹಾಕುವವರು ಬಂದರು. ಕುಡಿದು, ಮುಖದ ಮೇಲಿನ ಧೂಳು ತೊಳೆದುಕೊಂಡು ಹೋದರು. ಯಂತ್ರದವನು ಗುಡುಗುಡು ಎನ್ನಿಸುತ್ತ ಹತ್ತಿರ ಬಂದು, ಮೇಲಿನಿಂದಲೇ ಕೇಳಿದ, "ಅಮ್ಮಾರ, ತೆಗೀಲೇನ್ರಿ?"

"ಗಡಿಗಿ ಖಾಲಿ ಆಗ್ಲಿ ತಡಿಯೋ!" ಜಿನ್ನಿಂಗ್ ಕಾರ್ಖಾನೆಯ ಆ ಹಳೆಯ ಗಂಟಲು ಯಂತ್ರದ ಸದ್ದಿನ ಮೇಲೆ ಕೇಳಿತು. ಎಷ್ಟೋ ವಾರದ ಮೇಲೆ ಅದನ್ನು ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಅವನು ಯಂತ್ರ ಬಂದ್ ಮಾಡಿ ಕೆಳಗಿಳಿದ. ಕೊನೆಯ ಲೋಟ ಅವನೇ ಕುಡಿದ. ಅತ್ತೆ ಖಾಲಿ ಗಡಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಹೂಂ, ಈಗ ತೆಗಿ" ಎಂದಳು. ಅವನು ಇನ್ನೂ ಮೇಲೆ ಹತ್ತುತ್ತಿದ್ದಾಗ ದಪ್ಪ ಹನಿಗಳು ಬಿದ್ದವು. ಆಚೆ ಬದಿಯಲ್ಲಿ ಆಗಷ್ಟೇ ಹಾಸಿದ ಬಿಸಿ ಡಾಂಬರಿನಿಂದ ಆವಿ ಎದ್ದಿತು. ಕಟ್ಟೆ ಎರಡೇ ಏಟಿಗೆ ಬಿತ್ತು. ಅತ್ತೆ ನೋಡುತ್ತಲೇ ನಿಂತಿದ್ದಳು, ಮುಖ ತಿರುಗಿಸಲಿಲ್ಲ.

ಮೊನ್ನೆ ಸಿಗ್ನಲ್ ಬಿಟ್ಟ ಮೇಲೆ ಬಸ್ಸು ಹೊಸ ರಸ್ತೆಯ ಮೇಲೆ ಕುಲುಕದೆ ಓಡಿತು. ಹೊಸ ಕಟ್ಟಡಗಳ ಸಂದಿಯಲ್ಲಿ ಬೇವಿನ ತುದಿ ಒಂದು ಕ್ಷಣ ಕಂಡು ಮರೆಯಾಯಿತು. ಮನೆಗೆ ಬಂದಾಗ ಅತ್ತೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಈಗ ಮೊಣಕಾಲು ಹಿಡಿದಿವೆ, ವರ್ಷಕ್ಕೊಮ್ಮೆ ಎಳ್ಳಮವಾಸ್ಯೆಗೆ ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲ. ನಾನು ಚಪ್ಪಲಿ ಬಿಡುವುದರೊಳಗೆ ಅವಳ ಪ್ರಶ್ನೆ ಬಂತು, ದಿನಾ ಬರುವಂಥದ್ದೇ.

"ಕಂಡ್ತೇನು?"

"ಕಂಡ್ತ್ರಿ."

"ಯಾವ ಕಡೆ?"

"ಮನಿಗೆ ಬರೂವಾಗ ಬಲಕ್ಕ ರೀ ಅತ್ತಿ."